ಪ್ಲಾಟ್‌ಫಾರಮ್ಮಿನಿಂದ ಕಂಡ ಉಗಿ ಎಂಜಿನ್ನು

ಕಳೆದ ತಿಂಗಳು ರಜೆಗೆಂದು ಬಂದಿದ್ದ ಮೊಮ್ಮಗ ತನ್ನ ಮೊಬೈಲಿನಲ್ಲಿ ಒಂದು ತುಣುಕುಚಿತ್ರವನ್ನು ತೋರಿಸಿದ. ಕಪ್ಪು ಉಗಿ ಎಂಜಿನ್ನೊಂದು ಬಿಳಿಯ ಹೊಗೆಯನ್ನು ಉಗುಳುತ್ತ ಸೇತುವೆಯ ಮೇಲೆ ಹಾದುಹೋಗುವ ದೃಶ್ಯವದು. ಅದರ ಕೆಳಗೆ ನೂರಾರು ಜನ ತಮ್ಮ ಅಭಿಪ್ರಾಯಗಳನ್ನು ಬರೆದಿದ್ದರು. "ಆಹಾ, ಎಂಥ ಕಾಲ! ಮತ್ತೆ ಬರಬಾರದೇ?" ಎಂಬುದೇ ಅವೆಲ್ಲವುಗಳ ಸಾರಾಂಶ. ಅದೇ ವಾರ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳೂ ಅಂಥದೇ ಚಿತ್ರಗಳನ್ನು ಕಳುಹಿಸಿ, "ಸಾರ್, ನಮ್ಮೂರಿನ ಸ್ಟೇಷನ್ನು ನೆನಪಾಯಿತು, ಇದರ ಬಗ್ಗೆ ಏನಾದರೂ ಬರೆಯಿರಿ" ಎಂದು ಕೇಳಿದರು. ಬರೆಯುತ್ತೇನೆ. ಆದರೆ ಅವರು ನಿರೀಕ್ಷಿಸಿದ ಬರಹ ಇದಾಗಲಾರದು. ಈ ವಿಷಯದಲ್ಲಿ ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಒಂದು ಮುಳ್ಳು ಉಳಿದುಬಿಟ್ಟಿದೆ. ಅದನ್ನು ಇಂದು ಹೊರಗೆ ತೆಗೆಯಬೇಕೆಂದಿದ್ದೇನೆ.

ನಾನು ಅರಸೀಕೆರೆಯ ಶಾಲೆಗೆ ವಿಜ್ಞಾನದ ಮೇಷ್ಟ್ರಾಗಿ ಬಂದದ್ದು 1969ರಲ್ಲಿ. ತೆಂಗಿನಕಾಯಿಗೆ ಹೆಸರಾದ ಊರು, ಅದಕ್ಕಿಂತ ಹೆಚ್ಚಾಗಿ ರೈಲಿನ ಊರು. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ಮೀಟರ್‌ಗೇಜ್ ಮಾರ್ಗವು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ಊರನ್ನು ಮುಟ್ಟಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನವು ಕೈಗೊಂಡ ಮೈಸೂರು–ಹಾಸನ–ಅರಸೀಕೆರೆ ಮಾರ್ಗವೂ ಬಂದು ಸೇರಿದ ಮೇಲೆ ಊರು ಜಂಕ್ಷನ್ ಆಯಿತು. 1951ರಲ್ಲಿ ಮೈಸೂರು ಸಂಸ್ಥಾನದ ರೈಲ್ವೆಯು ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. ನಾನು ಬರುವ ಹೊತ್ತಿಗೆ ಊರಿನ ಜನ ಗಡಿಯಾರವನ್ನು ನೋಡುತ್ತಿರಲಿಲ್ಲ. ಯಾವ ಗಾಡಿ ಕೂಗಿತು ಎಂಬುದರ ಮೇಲೆ ಅನ್ನಕ್ಕೆ ಇಡುತ್ತಿದ್ದರು, ಮಕ್ಕಳನ್ನು ಶಾಲೆಗೆ ಹೊರಡಿಸುತ್ತಿದ್ದರು. ಗಾಡಿ ತಡವಾದ ದಿನ ನನ್ನ ತರಗತಿಯಲ್ಲಿಯೂ ಹತ್ತು ಮಕ್ಕಳು ತಡ!

ನಮ್ಮ ಕಡೆ ಓಡುತ್ತಿದ್ದ ಎಂಜಿನ್ನುಗಳಲ್ಲಿ ಮುಖ್ಯವಾದವು ವೈ.ಪಿ. ಮತ್ತು ವೈ.ಜಿ. ಎಂಬ ಎರಡು ಜಾತಿಯವು. 'ವೈ' ಎಂದರೆ ಮೀಟರ್‌ಗೇಜು, 'ಪಿ' ಎಂದರೆ ಪ್ಯಾಸೆಂಜರ್, 'ಜಿ' ಎಂದರೆ ಗೂಡ್ಸ್. ವೈ.ಪಿ.ಗೆ ಎಳೆಯುವ ದೊಡ್ಡ ಗಾಲಿಗಳು ಒಂದೊಂದು ಪಕ್ಕಕ್ಕೆ ಮೂರು, ವೈ.ಜಿ.ಗೆ ನಾಲ್ಕು. ಓಟಕ್ಕೆ ದೊಡ್ಡ ಗಾಲಿ, ಎಳೆತಕ್ಕೆ ಚಿಕ್ಕ ಗಾಲಿ. ಇಷ್ಟನ್ನು ನನ್ನ ತರಗತಿಯ ಹುಡುಗರು ನನಗೆ ಕಲಿಸಿದರೇ ಹೊರತು ನಾನು ಅವರಿಗೆ ಕಲಿಸಿದ್ದಲ್ಲ. ತರಗತಿಯಲ್ಲಿ ಕಾಲುಭಾಗದಷ್ಟು ಮಕ್ಕಳು ರೈಲ್ವೆ ಕ್ವಾರ್ಟರ್ಸಿನವರು. ಪಾಯಿಂಟ್ಸ್‌ಮನ್ನರ, ಗ್ಯಾಂಗ್‌ಮನ್ನರ, ಫೈರ್‌ಮನ್ನರ ಮಕ್ಕಳು. ಷೆಡ್ಡಿನ ಬೂದಿಗುಂಡಿಯಲ್ಲಿ ಅರೆಬೆಂದ ಕಲ್ಲಿದ್ದಲನ್ನು ಆಯ್ದು ತಂದು ಮನೆಯ ಒಲೆಗೆ ಹಾಕುತ್ತಿದ್ದ ಮಕ್ಕಳೂ ಅವರಲ್ಲಿದ್ದರು. ಅವರ ಬೆರಳ ಸಂದಿನ ಕಪ್ಪು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ನೋಟ್‌ಪುಸ್ತಕದ ಅಂಚಿನಲ್ಲಿ ಆ ಬೆರಳಿನ ಗುರುತನ್ನು ಕಂಡು ನಾನು ಗದರಿಸಿದ್ದೂ ಉಂಟು. ಈಗ ನೆನೆದರೆ ನಾಚಿಕೆಯಾಗುತ್ತದೆ.

ನನಗೆ ಆ ಎಂಜಿನ್ನುಗಳೆಂದರೆ ಪಂಚಪ್ರಾಣ. ಸಂಜೆ ಶಾಲೆ ಬಿಟ್ಟ ಮೇಲೆ ಒಂದು ಸುತ್ತು ಸ್ಟೇಷನ್ನಿಗೆ ಹೋಗಿ, ಎಂಜಿನ್ನು ನೀರು ಕುಡಿಯುವುದನ್ನು ನೋಡಿ, ಕಾಫಿ ಕುಡಿದು ಮನೆಗೆ ಬರುವುದು ನನ್ನ ಪರಿಪಾಠವಾಗಿತ್ತು. ಶಾಖ, ಒತ್ತಡ, ಗುಪ್ತೋಷ್ಣ ಇವುಗಳ ಪಾಠ ಬಂದಾಗ ಮಕ್ಕಳನ್ನು ಲೋಕೋ ಷೆಡ್ಡಿಗೇ ಕರೆದುಕೊಂಡು ಹೋಗುತ್ತಿದ್ದೆ. ತಣ್ಣಗಾದ ಎಂಜಿನ್ನನ್ನು ಓಡುವ ಸ್ಥಿತಿಗೆ ತರಲು ಹಲವು ಗಂಟೆಗಳ ಮೊದಲೇ ಬೆಂಕಿ ಹಾಕಬೇಕು. ಬಾಯ್ಲರಿನೊಳಗಿನ ಕೊಳವೆಗಳ ಮೂಲಕ ಬೆಂಕಿಯ ಬಿಸಿಗಾಳಿ ಹಾಯುತ್ತದೆ, ಕೊಳವೆಗಳ ಸುತ್ತ ನೀರು ನಿಂತಿರುತ್ತದೆ. ಒಲೆಯ ನೆತ್ತಿಯ ಮೇಲೆ ಸದಾ ನೀರಿರಲೇಬೇಕು. ನೀರು ಇಳಿದರೆ ಅಲ್ಲಿ ಕೂರಿಸಿರುವ ಸೀಸದ ಬಿರಡೆ ಕರಗಿ, ಉಗಿ ಒಲೆಯೊಳಗೆ ನುಗ್ಗಿ ಅಪಾಯವನ್ನು ಸಾರುತ್ತದೆ. ಗಡಸು ನೀರಿನಿಂದ ಒಳಗೆ ಕಟ್ಟಿದ ಗಾರನ್ನು ಆಗಾಗ ಬಾಯ್ಲರ್ ತೊಳೆದು ತೆಗೆಯಬೇಕು. ಇವೆಲ್ಲವನ್ನೂ ಮಕ್ಕಳು ಕಣ್ಣಾರೆ ಕಂಡರು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಯಾರೂ ತಪ್ಪುತ್ತಿರಲಿಲ್ಲ. ನನ್ನ ಮೇಷ್ಟ್ರುಗಿರಿಯ ಬಗ್ಗೆ ನನಗೆ ಹೆಮ್ಮೆಯಿತ್ತು.

ಇನ್ನು ಆ ಮುಳ್ಳಿನ ವಿಷಯ. 1977ರ ಬೇಸಗೆ ಇರಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನ ಎರಡರಲ್ಲಿಯೂ ಒಳ್ಳೆಯ ಅಂಕ ಪಡೆದು ಪಾಸಾದ ಹುಡುಗನೊಬ್ಬನಿದ್ದ. ಹೆಸರು ಬೇಡ. ಅವನ ತಂದೆ ಫೈರ್‌ಮನ್. ಒಂದು ಮಧ್ಯಾಹ್ನ ಆತ ಡ್ಯೂಟಿ ಮುಗಿಸಿ, ತಲೆಗೆ ಸುತ್ತಿದ ವಸ್ತ್ರವನ್ನೂ ತೆಗೆಯದೆ ನಮ್ಮ ಮನೆಗೆ ಬಂದರು. ಜಗಲಿಯ ಮೇಲೆ ಕೂರಲು ಹೇಳಿದರೆ, "ಮಸಿ ಆಗ್ತದೆ ಮೇಷ್ಟ್ರೇ" ಎಂದು ಮೆಟ್ಟಿಲ ಮೇಲೆಯೇ ಕುಳಿತರು. ಷೆಡ್ಡಿನಲ್ಲಿ ಕ್ಲೀನರ್ ಕೆಲಸಕ್ಕೆ ಹುಡುಗರನ್ನು ತೆಗೆದುಕೊಳ್ಳುತ್ತಾರಂತೆ, ಮಗ ಹಠ ಹಿಡಿದಿದ್ದಾನೆ, ಅವನನ್ನು ಪಾಲಿಟೆಕ್ನಿಕ್ಕಿಗೆ ಸೇರಿಸಬೇಕೆಂದು ತನ್ನ ಆಸೆ, ನೀವು ಹೇಳಿದರೆ ಕೇಳುತ್ತಾನೆ, ಇದು ಅವರ ಅಹವಾಲು.

ನಾನು ಅವರಿಗೇ ಬುದ್ಧಿ ಹೇಳಿದೆ! ಸರ್ಕಾರಿ ಕೆಲಸ, ಕ್ವಾರ್ಟರ್ಸು, ಪಾಸು, ಪೆನ್ಷನ್ನು. ಕ್ಲೀನರ್ ಆದವನು ಫೈರ್‌ಮನ್ ಆಗುತ್ತಾನೆ, ಮುಂದೊಂದು ದಿನ ಡ್ರೈವರ್ ಆಗುತ್ತಾನೆ, ಮೇಲ್ ಗಾಡಿ ಓಡಿಸುತ್ತಾನೆ. ಇಷ್ಟು ಚಂದದ ಕೆಲಸ ಬೇರೆ ಯಾವುದಿದೆ ಎಂದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನೀವು ಪ್ಲಾಟ್‌ಫಾರಮ್ಮಿನಿಂದ ನೋಡಿದ್ದೀರಿ ಮೇಷ್ಟ್ರೇ" ಎಂದರು. ಅಷ್ಟೇ. ಸಿಟ್ಟಿನಿಂದ ಹೇಳಿದ ಮಾತಲ್ಲ. ಮಜ್ಜಿಗೆ ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು ಹೋದರು. ಹುಡುಗ ಷೆಡ್ಡಿಗೆ ಸೇರಿದ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಾನು ಎಷ್ಟು ಸಲ ತರಗತಿಯಲ್ಲಿ ವಿಸ್ತರಿಸಿ ಬರೆಯಿಸಿದ್ದೇನೋ ಲೆಕ್ಕವಿಲ್ಲ. ನನಗೆ ಅದು ಅರ್ಥವಾದದ್ದು ಮಾತ್ರ ಆಮೇಲೆ. ಪ್ಲಾಟ್‌ಫಾರಮ್ಮಿನಿಂದ ಕಾಣದ ಸಂಗತಿಗಳಾದರೂ ಯಾವುವು? ಉಗಿ ಎಂಜಿನ್ನಿನ ಮೇಲೆ ಒಬ್ಬ ಡ್ರೈವರು, ಇಬ್ಬರು ಫೈರ್‌ಮನ್ನರು. ಒಬ್ಬನು ಹಿಂದಿನ ಟೆಂಡರಿನಿಂದ ಕಲ್ಲಿದ್ದಲನ್ನು ಒಡೆದು ಮುಂದಕ್ಕೆ ತಳ್ಳಬೇಕು, ಇನ್ನೊಬ್ಬನು ಸಲಿಕೆಯಿಂದ ಒಲೆಗೆ ಹಾಕಬೇಕು. ಒಂದು ಸರದಿಯಲ್ಲಿ ಹಾಕುವ ಕಲ್ಲಿದ್ದಲನ್ನು ಸೇರುಗಳಲ್ಲಿ ಅಳೆಯುವಂತಿಲ್ಲ, ಟನ್ನುಗಳಲ್ಲಿಯೇ ಅಳೆಯಬೇಕು. ಅದೂ ಒಂದೇ ಕಡೆಗೆ ಸುರಿದರಾಗದು. ಒಲೆಯ ನಾಲ್ಕು ಮೂಲೆಗಳಿಗೂ ತೆಳುವಾಗಿ, ಎಲ್ಲಿ ಬೆಂಕಿ ಕರಗಿದೆಯೋ ಅಲ್ಲಿಗೇ ಬೀಳುವಂತೆ, ಓಲಾಡುವ ಹಲಗೆಯ ಮೇಲೆ ನಿಂತು ಎರಚಬೇಕು. ಮುಂದೆ ಬೆಂಕಿ, ಬೆನ್ನಿಗೆ ಗಾಳಿ, ಮಳೆಗಾಲದಲ್ಲಿ ಮಳೆ. ರಾತ್ರಿ ಪ್ರಖರವಾದ ಒಲೆಯೊಳಗೆ ನೋಡಿದ ಕಣ್ಣುಗಳೇ ಮರುಕ್ಷಣ ಕತ್ತಲೆಯಲ್ಲಿ ಸಿಗ್ನಲ್ಲಿನ ಸಣ್ಣ ದೀಪವನ್ನು ಹುಡುಕಬೇಕು. ಸರದಿಯ ಗಂಟೆಗಳಿಗೆ ಲೆಕ್ಕವೇ ಇರಲಿಲ್ಲ. ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು ಎಂಬ ಬೇಡಿಕೆಗಾಗಿ 1973ರಲ್ಲಿ ದೇಶದ ಲೋಕೋ ಸಿಬ್ಬಂದಿ ಮುಷ್ಕರ ಹೂಡಬೇಕಾಯಿತು. ಮರುವರ್ಷ, 1974ರ ಮೇ ತಿಂಗಳಲ್ಲಿ, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರ ಮುಂದಾಳುತನದಲ್ಲಿ ನಡೆದ ದೊಡ್ಡ ಮುಷ್ಕರದ ಬೇಡಿಕೆಗಳಲ್ಲಿಯೂ ಕೆಲಸದ ಅವಧಿಯ ವಿಷಯವಿತ್ತು. ಇಪ್ಪತ್ತು ದಿನ ಊರಿನಲ್ಲಿ ಎಂಜಿನ್ನಿನ ಕೂಗು ಕೇಳದಿದ್ದುದು ನನ್ನ ಆ ಕಾಲದ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಆಗಲೂ ನನಗೆ ಊರು ಬಿಕೋ ಎನ್ನುತ್ತದೆ ಎನಿಸಿತೇ ಹೊರತು, ಅವರು ಏಕೆ ಕೈಕಟ್ಟಿ ಕುಳಿತರೆಂದು ಕೇಳಬೇಕೆನಿಸಲಿಲ್ಲ.

ನನ್ನ ತಪ್ಪು ಅಷ್ಟಕ್ಕೇ ಮುಗಿಯುವುದಿಲ್ಲ. ಉಗಿ ಎಂಜಿನ್ನಿನ ಆಯುಸ್ಸು ತೀರುತ್ತ ಬಂದಿದೆ ಎಂಬುದು 1977ರಲ್ಲಿ ಗುಟ್ಟಾಗಿರಲಿಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ, 1950ರಲ್ಲಿ, ಚಿತ್ತರಂಜನದಲ್ಲಿ ನಮ್ಮದೇ ಎಂಜಿನ್ ಕಾರ್ಖಾನೆ ಕೆಲಸ ಆರಂಭಿಸಿತು. ಅಲ್ಲಿ ತಯಾರಾದ ಉಗಿ ಎಂಜಿನ್ನುಗಳ ಸಂಖ್ಯೆ 2,351. ಬ್ರಾಡ್‌ಗೇಜಿನ ಕಡೆಯ ಉಗಿ ಎಂಜಿನ್ನು 1970ರ ಜೂನ್‌ನಲ್ಲಿ ಹೊರಬಂದಾಗ ಅದಕ್ಕೆ 'ಅಂತಿಮ ಸಿತಾರಾ' ಎಂದೇ ಹೆಸರಿಟ್ಟರು. ಮೀಟರ್‌ಗೇಜಿನ ತಯಾರಿಕೆಯೂ 1972ರಲ್ಲಿ ನಿಂತಿತು. ಅಂದರೆ ನಾನು ಆ ತಂದೆಗೆ ಉಪದೇಶ ಮಾಡುವ ಹೊತ್ತಿಗೆ ದೇಶದಲ್ಲಿ ಹೊಸ ಉಗಿ ಎಂಜಿನ್ನು ತಯಾರಾಗುವುದು ನಿಂತು ಐದು ವರ್ಷಗಳಾಗಿದ್ದವು. ಪತ್ರಿಕೆ ಓದುವ, ವಿಜ್ಞಾನ ಕಲಿಸುವ ನನಗೆ ಇದು ತಿಳಿದಿತ್ತು. ಆದರೆ ಕಣ್ಣೆದುರಿಗೆ ಉಸಿರಾಡುತ್ತ ನಿಂತಿರುವ ವಸ್ತುವು ಇನ್ನು ಹದಿನೈದು ವರ್ಷಗಳಲ್ಲಿ ಇರುವುದಿಲ್ಲ ಎಂಬುದನ್ನು ಮನಸ್ಸು ಒಪ್ಪಲಿಲ್ಲ. ಆ ಫೈರ್‌ಮನ್ ಪತ್ರಿಕೆ ಓದದೆಯೇ ಅದನ್ನು ಬಲ್ಲವರಾಗಿದ್ದರು. ಡೀಸೆಲ್ ಎಂಜಿನ್ನುಗಳು ಒಂದೊಂದಾಗಿ ಬಂದು ಎಕ್ಸ್‌ಪ್ರೆಸ್ ಗಾಡಿಗಳನ್ನು ಹಿಡಿದುಕೊಂಡವು. ಉಗಿಗೆ ಪ್ಯಾಸೆಂಜರು ಉಳಿಯಿತು, ಆಮೇಲೆ ಗೂಡ್ಸು, ಆಮೇಲೆ ಯಾರ್ಡಿನಲ್ಲಿ ಡಬ್ಬಿಗಳನ್ನು ಆಚೀಚೆ ಎಳೆಯುವ ಷಂಟಿಂಗ್ ಕೆಲಸ. ಡೀಸೆಲ್ಲಿಗೆ ಮೂರು ಜನ ಬೇಡ, ಇಬ್ಬರು ಸಾಕು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಉಗಿ ಎಂಜಿನ್ನು ಹೋದದ್ದು ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಹೋಗಬೇಕಾಗಿತ್ತು. ಉರಿಸಿದ ಕಲ್ಲಿದ್ದಲಿನ ನೂರು ಪಾಲು ಶಾಖದಲ್ಲಿ ಗಾಲಿಯನ್ನು ತಿರುಗಿಸುವ ಕೆಲಸಕ್ಕೆ ಬರುತ್ತಿದ್ದುದು ಏಳೆಂಟು ಪಾಲು ಮಾತ್ರ. ಉಳಿದದ್ದೆಲ್ಲ ಚಿಮಣಿಯಲ್ಲಿ ಹೋಗುತ್ತಿತ್ತು. ನಮ್ಮ ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ಸಿಂಗರೇಣಿಯಿಂದಲೋ ಇನ್ನೂ ದೂರದಿಂದಲೋ ತರಬೇಕು, ತರಲು ಮತ್ತೆ ಗಾಡಿ ಬೇಕು. ಬಡದೇಶವೊಂದು ಆ ವ್ಯವಸ್ಥೆಯನ್ನು ಎಷ್ಟು ದಿನ ಸಾಕೀತು? 1990ರ ದಶಕದಲ್ಲಿ ಮೀಟರ್‌ಗೇಜಿನ ಹಳಿಗಳೇ ಹೋಗಿ ಬ್ರಾಡ್‌ಗೇಜ್ ಬಂದಾಗ ನಮ್ಮ ಕಡೆಯ ಉಗಿ ಎಂಜಿನ್ನುಗಳ ಕಥೆ ಮುಗಿಯಿತು. ದೇಶದ ಬ್ರಾಡ್‌ಗೇಜ್ ಮಾರ್ಗಗಳಲ್ಲಿಯೂ 1995ರ ಡಿಸೆಂಬರಿನಲ್ಲಿ ಫಿರೋಜ್‌ಪುರ–ಜಲಂಧರ್ ನಡುವೆ ಕಡೆಯ ಓಟ ನಡೆಯಿತು. ಇಂದು ಅರಸೀಕೆರೆಯ ಹಳಿಗಳ ಮೇಲೆ ವಿದ್ಯುತ್ ತಂತಿ ಹಾದುಹೋಗಿದೆ. ಒಲೆಯ ಮುಂದೆ ಬೇಯುವ ಕೆಲಸ ಯಾವ ತಾಯಿಯ ಮಗನಿಗೂ ಇಲ್ಲ. ಒಳ್ಳೆಯದಾಯಿತು. "ಮತ್ತೆ ಬರಬಾರದೇ?" ಎಂದು ಬರೆಯುವವರು ಸಲಿಕೆ ಹಿಡಿಯುವುದು ಯಾರೆಂಬುದನ್ನೂ ಒಂದು ಸಾಲು ಬರೆಯಲಿ.

ಹಾಗಾದರೆ ನನ್ನ ದೂರು ಯಾವುದು? ಅದನ್ನು ಆ ಹುಡುಗನೇ ಹೇಳಿದ.

ನಿವೃತ್ತಿಯ ಅಂಚಿನಲ್ಲಿದ್ದ ನಾನು 1998ರಲ್ಲಿ ಒಮ್ಮೆ ಬೇರೊಂದು ಊರಿನ ಸ್ಟೇಷನ್ನಿನಲ್ಲಿ ಗಾಡಿಗಾಗಿ ಕಾದಿದ್ದೆ. ಪಾರ್ಸೆಲ್ ಆಫೀಸಿನ ಕಡೆಯಿಂದ ಬಂದ ನಡುವಯಸ್ಸಿನ ವ್ಯಕ್ತಿಯೊಬ್ಬ ಕಾಲು ಮುಟ್ಟಿ ನಮಸ್ಕರಿಸಿದ. ಧ್ವನಿಯಿಂದ ಗುರುತು ಹಿಡಿದೆ. ಕ್ಲೀನರ್ ಆಗಿ ಸೇರಿದವನು ಫಸ್ಟ್ ಫೈರ್‌ಮನ್ ಆಗಿದ್ದ. ಷೆಡ್ಡು ಮುಚ್ಚಿದಾಗ ಅವನ ಜೊತೆಯವರು ಹಲವರು ತರಬೇತಿ ಪಡೆದು ಡೀಸೆಲ್ಲಿಗೆ ಹೋದರು. ಇವನು ಕಣ್ಣಿನ ಪರೀಕ್ಷೆಯಲ್ಲಿ ಉತ್ತೀರ್ಣನಾಗಲಿಲ್ಲ. ಎಂಜಿನ್ನು ಹತ್ತುವಂತಿಲ್ಲ ಎಂದಾಯಿತು. ಕೆಲಸ ಹೋಗಲಿಲ್ಲ, ಸಂಬಳವೂ ಬರುತ್ತಿತ್ತು, ಆದರೆ ಪಾರ್ಸೆಲ್ ಮೂಟೆಗಳನ್ನು ಎಣಿಸುವ ಕೆಲಸ. ತಂದೆ ತೀರಿಕೊಂಡು ಆರು ವರ್ಷಗಳಾಗಿದ್ದವು.

ನಾನು ತಡೆಯಲಾರದೆ, "ಅಂದು ನಿಮ್ಮಪ್ಪನ ಮಾತು ಕೇಳಬೇಕಾಗಿತ್ತು ಕಣಪ್ಪ. ತಪ್ಪು ನನ್ನದು" ಎಂದೆ. ಅವನು ನಕ್ಕ. "ಹಾಗನ್ನಬೇಡಿ ಸಾರ್. ನೀವು ಬೇಡ ಅಂದಿದ್ರೂ ನಾನು ಸೇರ್ತಿದ್ದೆ. ಬೇಜಾರು ಅದಕ್ಕಲ್ಲ. ಹದಿನೈದು ವರ್ಷ ಕಲಿತದ್ದು ಇತ್ತಲ್ಲ, ಅದನ್ನ ಒಬ್ಬರೂ ಏನು ಅಂತ ಕೇಳಲಿಲ್ಲ ಸಾರ್" ಎಂದ.

ಏನು ಕಲಿತಿದ್ದೆ ಎಂದು ನಾನು ಕೇಳಿದೆ. ಗಾಡಿ ಬರಲು ಇನ್ನೂ ಮುಕ್ಕಾಲು ಗಂಟೆಯಿತ್ತು. ಬೆಂಚಿನ ಮೇಲೆ ಕುಳಿತು ಹೇಳತೊಡಗಿದ. ಬೆಂಕಿ ಕೆಂಪಾಗಿದ್ದರೆ ಸಾಲದು, ಕಣ್ಣು ಕುಕ್ಕುವ ಬಿಳುಪಿಗೆ ತಿರುಗಬೇಕು. ಚಿಮಣಿಯ ಹೊಗೆ ಕಪ್ಪಾದರೆ ಕಲ್ಲಿದ್ದಲು ಹೆಚ್ಚಾಯಿತೆಂದು ಅರ್ಥ, ಹೊಗೆಯೇ ಕಾಣದಿದ್ದರೆ ಬೆಂಕಿಯಲ್ಲಿ ಎಲ್ಲಿಯೋ ತೂತು ಬಿದ್ದಿದೆ ಎಂದು ಅರ್ಥ, ತೆಳುವಾದ ಬೂದುಬಣ್ಣವೇ ಸರಿ. ಏರು ಬರುವುದಕ್ಕೆ ಮೊದಲೇ ಬೆಂಕಿಯನ್ನು ಸಿದ್ಧಮಾಡಿಕೊಳ್ಳಬೇಕು, ಏರಿನಲ್ಲಿ ಹಾಕಲು ಹೊರಟರೆ ತಡವಾಯಿತು. ಇಳಿಜಾರಿನಲ್ಲಿ ಬಾಯ್ಲರಿನೊಳಗಿನ ನೀರು ಮುಂದಕ್ಕೆ ಸರಿದು ಒಲೆಯ ನೆತ್ತಿ ಬರಿದಾಗದಂತೆ ನೋಡಿಕೊಳ್ಳಬೇಕು. ಕೆಟ್ಟ ಕಲ್ಲಿದ್ದಲು ಬಂದ ದಿನ ಕಿಟ್ಟ ಕಟ್ಟಿ ಗಾಳಿ ಆಡುವುದಿಲ್ಲ, ಉದ್ದದ ಸರಳಿನಿಂದ ಅದನ್ನು ಒಡೆಯುವ ಬಗೆಯೇ ಬೇರೆ. ಮನೆಯಿಂದ ತಂದ ಊಟದ ಡಬ್ಬಿಯನ್ನು ಬಾಯ್ಲರಿನ ಯಾವ ಚಾಚಿನ ಮೇಲೆ ಇಟ್ಟರೆ ಸೀದುಹೋಗದೆ ಬಿಸಿಯಾಗಿರುತ್ತದೆ ಎಂಬುದನ್ನೂ ಹೇಳಿದ. ಒಂದೇ ಜಾತಿಯ ಎರಡು ಎಂಜಿನ್ನುಗಳು ಒಂದೇ ರೀತಿ ನಡೆದುಕೊಳ್ಳುವುದಿಲ್ಲವಂತೆ. ಯಾವುದಕ್ಕೆ ಹಿಂದಿನ ಎಡಮೂಲೆಯಲ್ಲಿ ಹೆಚ್ಚು ಹಾಕಬೇಕು, ಯಾವುದು ನೀರನ್ನು ಉಗಿಯ ಜೊತೆಗೇ ಎಳೆದುಕೊಳ್ಳುತ್ತದೆ ಎಂಬುದನ್ನು ನಂಬರಿನ ಸಮೇತ ಹೇಳಿದ. ಅವನ ಕೈಗಳು ತಮ್ಮಷ್ಟಕ್ಕೆ ಸಲಿಕೆ ಹಿಡಿದಂತೆ ಆಡುತ್ತಿದ್ದವು. ಗುಪ್ತೋಷ್ಣದ ಪಾಠ ಹೇಳಿದ ನನಗೆ ಅದರಲ್ಲಿ ಅರ್ಧಕ್ಕರ್ಧ ಗೊತ್ತಿರಲಿಲ್ಲ. ಗಾಡಿ ಬಂತು, ಹತ್ತಿದೆ. "ಇದನ್ನೆಲ್ಲ ಬರೆದುಕೊಳ್ಳುತ್ತೇನೆ, ಮತ್ತೊಮ್ಮೆ ಬರುತ್ತೇನೆ" ಎಂದೆ.

ಹೋಗಲಿಲ್ಲ. ಮಗಳ ಮದುವೆ, ನಿವೃತ್ತಿ, ಮನೆ ಕಟ್ಟುವುದು, ಒಂದಲ್ಲ ಒಂದು ನೆಪ. ಆರು ವರ್ಷಗಳ ಹಿಂದೆ ಅವನು ತೀರಿಕೊಂಡನೆಂಬ ಸುದ್ದಿ ಬಂತು. ಮೇಲೆ ಬರೆದಿರುವುದು ನನ್ನ ನೆನಪಿನಲ್ಲಿ ಉಳಿದ ಒಂದು ಹಿಡಿ. ಎಂಜಿನ್ನಿನ ನಂಬರುಗಳು ನನಗೆ ಮರೆತುಹೋಗಿವೆ. ಮುಕ್ಕಾಲು ಗಂಟೆಯ ಮಾತಿನಲ್ಲಿ ಇಷ್ಟಿದ್ದರೆ ಹದಿನೈದು ವರ್ಷಗಳ ಅನುಭವದಲ್ಲಿ ಎಷ್ಟಿರಬೇಡ!

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಉಗಿ ಎಂಜಿನ್ನನ್ನು ಉಳಿಸಿದೆವೆಂದು ನಾವು ಬೀಗುತ್ತೇವೆ. ಮೈಸೂರಿನಲ್ಲಿ 1979ರಲ್ಲಿಯೇ ರೈಲ್ವೆ ವಸ್ತುಸಂಗ್ರಹಾಲಯ ಆಯಿತು, ಹುಬ್ಬಳ್ಳಿಯಲ್ಲಿ 2020ರಲ್ಲಿ ಮತ್ತೊಂದು ಆಯಿತು. ಎರಡೂ ಸ್ತುತ್ಯರ್ಹವಾದ ಕೆಲಸಗಳೇ. ಮೈಸೂರಿನಲ್ಲಿ 1899ರ ಮಹಾರಾಣಿಯವರ ಸಲೂನ್ ಗಾಡಿಯನ್ನು ಕಾಪಾಡಿ ಇಟ್ಟಿರುವುದನ್ನು ನೋಡಿ ನಾನೂ ಸಂತೋಷಪಟ್ಟಿದ್ದೇನೆ. ಆದರೆ ಬಣ್ಣ ಬಳಿದು ನಿಲ್ಲಿಸಿದ ಎಂಜಿನ್ನು ಕಬ್ಬಿಣ ಮಾತ್ರ. ಅದರ ವಿದ್ಯೆ ಇದ್ದದ್ದು ಕೆಲಸಗಾರರ ಕೈಯಲ್ಲಿ, ಕಿವಿಯಲ್ಲಿ. ನೀಲಗಿರಿಯಲ್ಲಿ ಮೆಟ್ಟುಪಾಳ್ಯದಿಂದ ಕೂನೂರಿನವರೆಗೆ ಇಂದಿಗೂ ಉಗಿ ಎಂಜಿನ್ನು ಬೆಟ್ಟ ಹತ್ತುತ್ತದೆ. ಅದಕ್ಕಾಗಿ ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಯಾಗಾರದಲ್ಲಿ ಹೊಸ ಎಂಜಿನ್ನುಗಳನ್ನೇ ತಯಾರಿಸಿದ್ದಾರೆ. ಎಂಜಿನ್ನು ಓಡುತ್ತಿರುವವರೆಗೆ ಹಿರಿಯ ಫೈರ್‌ಮನ್ ಕಿರಿಯನಿಗೆ ಕಲಿಸಲೇಬೇಕು, ವಿದ್ಯೆ ಉಳಿಯುತ್ತದೆ. ಓಡದ ಕಡೆ ಉಳಿಸುವ ಮಾರ್ಗ ಒಂದೇ, ಬಲ್ಲವರನ್ನು ಕೇಳಿ ಬರೆದಿಡುವುದು. ಅದಕ್ಕೆ ದುಡ್ಡು ಬೇಡ, ಸರ್ಕಾರದ ಅಪ್ಪಣೆಯೂ ಬೇಡ. ಎಂಜಿನ್ನಿನ ಪಕ್ಕದ ಫಲಕದಲ್ಲಿ ತಯಾರಾದ ವರ್ಷ, ತೂಕ, ಗಾಲಿಯ ಅಳತೆ ಇವುಗಳ ಜೊತೆಗೆ, ಅದರ ಮೇಲೆ ದುಡಿದವನೊಬ್ಬನ ನಾಲ್ಕು ಮಾತುಗಳೂ ಇರಲಿ ಎಂಬುದು ನನ್ನ ಬೇಡಿಕೆ.

ಇದನ್ನು ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ರೈಲ್ವೆ ಕ್ವಾರ್ಟರ್ಸಿನ ಮಕ್ಕಳು ಹಲವರಿದ್ದೀರಿ. ನಿಮಗೇ ಈಗ ಅರವತ್ತು ದಾಟಿದೆ. ನಿಮ್ಮ ತಂದೆಯೋ ಚಿಕ್ಕಪ್ಪನೋ ಸೋದರಮಾವನೋ ಷೆಡ್ಡಿನಲ್ಲಿ ದುಡಿದವರಾಗಿದ್ದು ಇಂದಿಗೂ ಇದ್ದರೆ, ಈ ಭಾನುವಾರವೇ ಅವರ ಬಳಿ ಕುಳಿತುಕೊಳ್ಳಿ. ಎಂಜಿನ್ನಿನ ಹಳೆಯ ಚಿತ್ರವೊಂದನ್ನು ಮುಂದಿಡಿ, ಮಾತು ತಾನಾಗಿ ಹೊರಡುತ್ತದೆ. ಚಂದವಾಗಿತ್ತೇ ಎಂದು ಕೇಳಬೇಡಿ. ನೀವು ಏನು ಮಾಡುತ್ತಿದ್ದಿರಿ, ಹೇಗೆ ಮಾಡುತ್ತಿದ್ದಿರಿ, ಏನು ನೋಯುತ್ತಿತ್ತು ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ, ಅಥವಾ ಮೊಬೈಲಿನಲ್ಲಿ ಧ್ವನಿಯನ್ನು ಹಿಡಿದಿಡಿ. ನನಗೆ ಕಳುಹಿಸಿದರೆ ಕಾಗುಣಿತ ತಿದ್ದಿ ಇದೇ ಪುಟದಲ್ಲಿ ಹಾಕುತ್ತೇನೆ. ಕಣ್ಣು ಮಂಜಾಗಿದ್ದರೂ ಅಷ್ಟು ಕೆಲಸ ಇನ್ನೂ ನನ್ನಿಂದ ಆದೀತು.

ನೋಟ್‌ಪುಸ್ತಕದ ಅಂಚಿನಲ್ಲಿ ಮಸಿಯ ಗುರುತಿದ್ದರೆ ಈ ಸಲ ಗದರಿಸುವುದಿಲ್ಲ.